ಬಿಡುವು

ಬೂಟಿನ ಕಾರ್ಖಾನೆಯಲ್ಲಿ ಹತ್ತೂವರೆಗೆ ಐದು ನಿಮಿಷ,
ಸೇದುವವರಿಗೆ ಮಾತ್ರ.
ಎಲ್ಲೂ ಬರೆದಿಟ್ಟ ನಿಯಮವಲ್ಲ.
ಮೇಸ್ತ್ರಿ ಫೆರೀದ್ ತಾನೂ ಸೇದುವವ,
ಬೆರಳ ನಡುವೆ ಸಿಗರೇಟು ಕಂಡರೆ ಗಡಿಯಾರ ನೋಡುವುದಿಲ್ಲ.
ಸೇದದವರು ಯಂತ್ರದ ಮುಂದೆಯೇ
ನಟಿಕೆ ಮುರಿದು ಮತ್ತೆ ದಾರ ಪೋಣಿಸುತ್ತಾರೆ.

ಹಿಂಬಾಗಿಲ ಮೂರು ಮೆಟ್ಟಿಲು
ನನ್ನದು ಮತ್ತು ಮೆರ್ಸಿಹಾಳದು.
ಎದುರಿಗೆ ಬೋಸ್ನಾ ನದಿ, ಆಚೆ ಜೆನಿತ್ಸಾದ ಉಕ್ಕಿನ ಚಿಮಣಿಗಳು
ನಮಗಿಂತ ಮೊದಲೇ ಹಚ್ಚಿಕೊಂಡು ಕೂತಿರುತ್ತವೆ.
ಆರು ವರ್ಷ ಒಂದೇ ಕಡ್ಡಿಯಲ್ಲಿ ಎರಡು ಹಚ್ಚಿದ್ದೇವೆ.
ಅವಳ ಮದುವೆ, ನನ್ನ ಮಂಡಿನೋವು,
ಅವಳಿಗೆ ಎರಡು ಸಲ ನಿಲ್ಲದೆ ಹೋದ ಬಸುರು,
ಎಲ್ಲವೂ ನನಗೆ ಗೊತ್ತು, ಐದೈದು ನಿಮಿಷದ ತುಂಡುಗಳಲ್ಲಿ.

ಮಾರ್ಚಿನ ಒಂದು ಸೋಮವಾರ
ನಾನು ಚಾಚಿದ ಪ್ಯಾಕೆಟ್ಟಿಗೆ ಅವಳು ಕೈ ನೀಡಲಿಲ್ಲ.
ಬಿಟ್ಟೆ, ಅಂದಳು.
ಹೊಗೆಯನ್ನೋ, ಕೆಲಸವನ್ನೋ, ಗಂಡನನ್ನೋ,
ನಾನು ಕೇಳುವ ಮೊದಲೇ
ಅಂಗೈ ಏಪ್ರನ್ನಿನ ಗಂಟಿನ ಕೆಳಗೆ ಇಳಿದಿತ್ತು.

ಆ ವಾರ ಅವಳು ಹೊರಗೆ ಬರಲಿಲ್ಲ.
ಒಬ್ಬಳೇ ಸೇದಿದರೆ ಸಿಗರೇಟು ಉದ್ದವಾಗುತ್ತದೆ.
ಒಳಗೆ ಅವಳು
ಎಡಗಾಲಿನ ಅಟ್ಟೆಗೆ ಬಲಗಾಲಿನ ಮೈ ಹೊಲಿದಳಂತೆ,
ಸೂಜಿಯ ಡಬ್ಬಿ ಎಸೆದು ಅತ್ತಳಂತೆ.
ಬಸುರಿಯ ಬಯಕೆ ಅಂದುಕೊಂಡು
ಯಾರೋ ಉಪ್ಪುನೀರಿನ ಸೌತೆಕಾಯಿ ತಂದುಕೊಟ್ಟರಂತೆ.
ತಿಂದಳಂತೆ ಪಾಪ, ಪೂರ್ತಿ ಒಂದು ಭರಣಿ.

ಮುಂದಿನ ವಾರ ಬಂದಳು.
ಸೇದದಿದ್ದರೆ ಇಲ್ಲಿ ಬಿಡುವಿಲ್ಲವಲ್ಲೇ,
ಒಂದು ಕೊಡು, ಹಚ್ಚಬೇಡ.
ಹಚ್ಚದ ಸಿಗರೇಟನ್ನು ಫೆರೀದನಿಗೆ ಕಾಣುವಂತೆ ಹಿಡಿದು
ಗಾಳಿ ಯಾವ ಕಡೆಯಿಂದ ಎಂದು ನೋಡಿ
ಮೇಲಿನ ಮೆಟ್ಟಿಲಲ್ಲಿ ಕೂತಳು.
ನೀನು ಸೇದು, ಅಂದಳು.
ಆಮೇಲೆ, ಅಂದೆ, ಲೈಟರನ್ನು ಈ ಜೇಬಿನಿಂದ ಆ ಜೇಬಿಗೆ ಹಾಕುತ್ತ.

ಅದಕ್ಕೆ ಯಾರೂ ಹೇಳುವವರಿಲ್ಲವೇ,
ನದಿಯಾಚೆಗೆ ಗದ್ದ ತೋರಿಸಿ ಕೇಳಿದೆ.
ಚಿಮಣಿ ಬಸುರಿಯಲ್ಲ, ಬಿಡು, ಅಂದು ನಕ್ಕಳು.

ಏಪ್ರಿಲಿನಲ್ಲೊಮ್ಮೆ ಅವಳ ಕೂದಲಲ್ಲಿ ವಾಸನೆಯಿತ್ತು.
ನಾನು ಕೇಳಲಿಲ್ಲ.
ಅರ್ಧ, ಅಂದಳು ತಾನೇ.
ಮಾರನೆಯ ದಿನ ಮತ್ತೆ ಒಂದರಿಂದ ಎಣಿಸಿದಳು.

ಅವಳಿಗೆ ನಾನು ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಯುದ್ಧದ ಎರಡನೆಯ ಚಳಿಗಾಲ,
ಹಿಟ್ಟಿಲ್ಲ, ಕರೆಂಟಿಲ್ಲ, ಹೊಟ್ಟೆಯಲ್ಲಿ ಯಾಸೆಂಕೊ.
ಸಿಕ್ಕಿದ್ದನ್ನೆಲ್ಲ ಶಾಲೆಯ ಹಳೇ ನೋಟುಬುಕ್ಕಿನ ಹಾಳೆಯಲ್ಲಿ ಸುತ್ತಿ ಸೇದಿದೆ,
ಬಾವಿ ಬತ್ತಿದ ಮೇಲೂ ಸೇದುತ್ತಾರಲ್ಲ, ಹಾಗೆ.
ಹುಟ್ಟಿದಾಗ ಒಂದೂ ಮುಕ್ಕಾಲು ಕಿಲೋ,
ತೂಗಿದ್ದು ಆಲೂಗಡ್ಡೆಯ ತಕ್ಕಡಿಯಲ್ಲಿ.
ಯುದ್ಧದಿಂದ, ಅಂದರು ಎಲ್ಲರೂ.
ಯುದ್ಧದಿಂದ, ಅಂದೆ ನಾನೂ.
ಈಗಲೂ ನಾಲ್ಕನೇ ಮಹಡಿಗೆ ಹತ್ತುವಾಗ
ಅವನು ನಡುವೆ ನಿಲ್ಲುತ್ತಾನೆ, ಫೋನು ನೋಡುವವನ ಹಾಗೆ.
ನಾನು ಮೇಲೆ ಬಾಗಿಲಲ್ಲಿ ನಿಂತಿರುತ್ತೇನೆ,
ಕಾಯದವಳ ಹಾಗೆ.

ರಜೆಗೆ ಹೋಗುವ ದಿನ ಮೆರ್ಸಿಹಾ ಸಿಗರೇಟು ವಾಪಸು ಕೊಟ್ಟಳು.
ಎಷ್ಟು ತಿಂಗಳಿಂದ ಅದೊಂದೇ,
ಹೊಗೆಸೊಪ್ಪು ಉದುರಿ ಅರ್ಧ ಖಾಲಿ,
ಕಾಗದಕ್ಕೆ ಅಂಟಿನ ವಾಸನೆ.

ಆಗಸ್ಟಿನಲ್ಲಿ ಫೋನಿಗೆ ಸುದ್ದಿ ಬಂತು.
ಹೆಸರು ಬರೆದಿರಲಿಲ್ಲ, ಹೆಣ್ಣೋ ಗಂಡೋ ಅದೂ ಇಲ್ಲ.
ಮೂರು ಕಿಲೋ ಇನ್ನೂರು,
ಅಷ್ಟೇ.
ಬಹಳ ಹೊತ್ತು ನೋಡಿದೆ ಅದನ್ನು.

ಈಗ ಹತ್ತೂವರೆಗೆ ಹಿಂಬಾಗಿಲಿಗೆ ನಾಲ್ವರು ಬರುತ್ತಾರೆ,
ಒಬ್ಬರೂ ಸೇದುವವರಲ್ಲ.
ನನ್ನ ಪ್ಯಾಕೆಟ್ಟಿನಿಂದ ಒಂದೊಂದು ಎತ್ತಿಕೊಂಡು
ಹಚ್ಚದೆ ಹಿಡಿದು ಬಿಸಿಲು ಕಾಯುತ್ತಾರೆ.
ಫೆರೀದ್ ಗಡಿಯಾರ ನೋಡುವುದಿಲ್ಲ.
ಮುಗಿದ ಮೇಲೆ ಎಣಿಸಿ ವಾಪಸು ಇಡುತ್ತಾರೆ.

ನನ್ನದನ್ನು ನಾನು ನದಿಯ ಹತ್ತಿರ ಹೋಗಿ ಹಚ್ಚುತ್ತೇನೆ,
ಕೆಲವು ದಿನ.
ಕೆಲವು ದಿನ
ದಾರಿಯಲ್ಲೇ ಐದು ನಿಮಿಷ ಮುಗಿದುಹೋಗುತ್ತದೆ.