ಸೀಟಿನ ಹಿಂದಿನ ಕೈ

ಸೊಲ್ಲಾಪುರ ರಸ್ತಾದಾಗ ಹನ್ನೊಂದು ವರ್ಷ
ತೆಲಿ ಬಗ್ಗಿಸಿ ತುಳದೇನಿ.
ದಾರಿಗುಂಟ ಬೇವು ಅದಾವೋ ಹುಣಸಿ ಅದಾವೋ
ಕೇಳಬ್ಯಾಡ್ರಿ, ನನಗ ಗೊತ್ತಿಲ್ಲ.
ನನ್ನ ಮುಂದಿನ ಗಾಲಿ,
ಅದರ ಮುಂದ ಯಾರದೋ ಹಿಂದಿನ ಗಾಲಿ,
ಇಷ್ಟ ನಾ ಕಂಡ ವಿಜಾಪುರ.

ಪದಕ ಹದಿನಾಲ್ಕು.
ಒಂದು ಅವ್ವನ ಹೊಲಿಗಿ ಮಷಿನ್ನಿನ ಕುಂಟ ಕಾಲಿನ ಬುಡಕ,
ಉಳದವು ಜ್ವಾಳದ ಡಬ್ಬಿ ಮ್ಯಾಲೆ.
ಕಡೀ ರೇಸಿನ್ಯಾಗ ನಾಲ್ಕನೇದಾಕಿ ಆದೆ.
ಸೆಕೆಂಡಿನ ನೂರರಾಗ ಏಳು ಪಾಲು,
ಅಷ್ಟರಾಗ ಏನಾಗತೈತಿ?
ಕಣ್ಣಿನ ರೆಪ್ಪಿ ಅರ್ಧ ಮುಚ್ಚತೈತಿ,
ಸರಕಾರಿ ನೌಕರಿ ಪೂರಾ ಮುಚ್ಚತೈತಿ.

ಈಗ ಪಂಕ್ಚರ್ ತಿದ್ದತೇನಿ.
ಅಲ್ಲಿಗೇ ಬಂದ್ಲು ಹುಸೇನಬಿ,
ಸಾಲ್ಯಾಗ ಬಿಸಿಯೂಟ ಮಾಡಾಕಿ,
ಐವತ್ತೆರಡರ ಮೊಳಕಾಲು ಹಿಡಕೊಂಡು.

"ಸೈಕಲ್ ಕಲಸ್ತೀಯೇನವಾ?"
"ಎಲ್ಲಿಗೆ ಹೋಗೂದೈತಿ?"
"ಎಲ್ಲಿಗೂ ಇಲ್ಲ."
"ಮತ್ತ?"
"ಬ್ಯಾಳಿ ಕುದಿಸೂ ಮುಂದ ಕಿಡಕ್ಯಾಗ ಹುಡುಗೂರ್ನ ನೋಡ್ತೇನಿ.
ಇಳಿಜಾರಿನ್ಯಾಗ ಎರಡೂ ಕಾಲು ಎತ್ತಿ ಬಿಡತಾವಲ್ಲಾ,
ಅದು ಹ್ಯಾಂಗಿರತೈತಿ ಅಂತ."

ನಕ್ಕೆ. ಆಮ್ಯಾಲೆ ನಕ್ಕಿದ್ದಕ್ಕ ನಾಚಿಕಿ ಬಂತು.
ಹ್ಯಾಂಗಿರತೈತಿ ಅಂದ್ರ ನನಗೂ ಹೇಳಾಕ ಬರೂದಿಲ್ಲ,
ಇಳಿಜಾರಿನ್ಯಾಗೂ ತುಳದಾಕಿ ನಾ.

ಸಂಜೀ ಮುಂದ, ಕ್ವಾಟಿ ಗ್ವಾಡಿ ಮಗ್ಗಲ, ಕಂದಕದ ದಾರ್ಯಾಗ
ಸೀಟು ಹಿಡಕೊಂಡು ಹಿಂದ ಓಡತೇನಿ.
ಮೂರು ಸಲ ಬಿದ್ಲು.
ಸೆರಗು ಚೈನಿಗೆ ಸಿಕ್ಕು ಚರ್ರ್ ಅಂತು.
"ಹೋಗ್ಲಿ, ಹಳೇದು" ಅಂದ್ಲು.
ಆಡು ಕಾಯೂ ಹುಡುಗ ಪ್ರತಿ ಸಲಕ್ಕೂ ಚಪ್ಪಾಳಿ ತಟ್ಟಿದ,
ಬಿದ್ದದ್ದಕ್ಕೋ ಎದ್ದದ್ದಕ್ಕೋ ತಿಳೀಲಿಲ್ಲ.

ಒಂಬತ್ತನೇ ದಿನ ಕೈ ಬಿಟ್ಟೆ.
ಆಕಿಗೆ ಹೇಳಲಿಲ್ಲ.
ಇಳಿಜಾರು ಬಂತು.
ಹುಸೇನಬಿ ಎರಡೂ ಕಾಲು ಎತ್ತಿದ್ಲು.
ಬ್ಯಾಡ ಅಂತ ಒದರಬೇಕಂದೆ, ಬಾಯಿ ಬರಲಿಲ್ಲ.
ಚಪ್ಪಲಿ ಒಂದು ಹಾರಿ ಕಂದಕಕ್ಕ ಬಿತ್ತು.

ರೂಢಿ ನೋಡ್ರಿ,
ನನ್ನ ಹೆಬ್ಬಟ್ಟು ಕಿಸೇದಾಗ
ಸ್ಟಾಪ್‌ವಾಚಿನ ಗುಂಡಿ ಹುಡುಕಾಕತ್ತಿತ್ತು.
ಅದು ಮನ್ಯಾಗ ಐತಿ.
ತತ್ತಿ ಕುದಿಸಾಕ ಇಟಗೊಂಡಾಳ ಅವ್ವ.

ಎಷ್ಟು ಹೊತ್ತು ಕಾಲು ಗಾಳ್ಯಾಗ ಇದ್ದವೋ
ಯಾರ ಕಡೆನೂ ಲೆಕ್ಕ ಇಲ್ಲ.
ಕೆಳಗ ಹೋಗಿ ನಿಂತು, ಒಂಟಿ ಚಪ್ಪಲ್ಯಾಗ,
ತಿರುಗಿ ಒದರಿದ್ಲು:
"ಈಗ ನೀ!"

"ತಡೀ, ಚಪ್ಪಲಿ ಸಿಗಲಿ" ಅಂದೆ,
ಜಾಲಿ ಮುಳ್ಳಿನ್ಯಾಗ ಕೈ ಹಾಕಿ.
ಹೊತ್ತು ಮುಣಗಾಕತ್ತಿತ್ತು.
ಅವಸರ ಇರಲಿಲ್ಲ.