ಕನ್ನಡದಲ್ಲಿ ಏನೋ

ಬೇಳದ ಇಗರ್ಜಿ ದಾಟಿ, ಮುರಕಲ್ಲಿನ ಕೋರೆಯ ಬದಿಗೆ ಬೈಕು ನಿಲ್ಲಿಸಿ
ಕಾಗದ ಹೆಲ್ಮೆಟ್ಟಿನೊಳಗಿಟ್ಟು ನಡೆದೇ ಹೋದೆ.
ಅರ್ಜಿದಾರಳು: ಜೆಸಿಂತಾ ಕ್ರಾಸ್ತಾ, ಮೂವತ್ತೊಂದು.
ಹೋಗುವ ದೇಶ: ಜರ್ಮನಿ. ಉದ್ದೇಶ: ಮುದುಕರ ಆರೈಕೆ.
ವಿಚಾರಿಸುವವನು: ಐತ್ತಪ್ಪ ನಾಯ್ಕ, ಬದಿಯಡ್ಕ ಠಾಣೆ,
ಪಿಂಚಣಿಗೆ ಇನ್ನು ಹದಿನಾಲ್ಕು ತಿಂಗಳು.

ಶಾಲೆಯ ಸರ್ಟಿಫಿಕೇಟಿನಲ್ಲಿ ಜೆಸಿಂತ,
ರೇಷನ್ ಕಾರ್ಡಿನ ಮಲಯಾಳದಲ್ಲಿ ಜಸೀಂದ,
ಪಾಸ್‌ಪೋರ್ಟಿನಲ್ಲಿ ಎಚ್ ಒಂದು ಹೆಚ್ಚು.
ಈ ಮೂವರೂ ಒಬ್ಬಳೇ ಎಂದು
ವಿಲೇಜ್ ಆಫೀಸರು ಮೊಹರು ಒತ್ತಿದ್ದಾರೆ.
ಅದನ್ನು ಕಂಡು ತಾಯಿ ಕೊಂಕಣಿಯಲ್ಲಿ ಎಂತದೋ ಹೇಳಿ ನಕ್ಕಳು.
ಹೆತ್ತ ನನಗೇ ಇಷ್ಟು ಖಾತ್ರಿ ಇರಲಿಲ್ಲ
ಎಂದಿರಬೇಕು.

ಹದಿನೆಂಟು ತುಂಬಿದಲ್ಲಿಂದ ಇದ್ದ ವಿಳಾಸವೆಲ್ಲ ಬೇಕು,
ನಡುವೆ ಒಂದು ತಿಂಗಳೂ ಬಿಟ್ಟುಹೋಗದಂತೆ.
ಮಾಯಿಪ್ಪಾಡಿ, ಕನ್ನಡ ಟೀಚರ ತರಬೇತಿ.
ಕೆಲಸ ಸಿಗಲಿಲ್ಲ.
ಮಂಗಳೂರಿನ ಹಾಸ್ಟೆಲು, ನರ್ಸಿಂಗು.
ಕುವೈತಿನಲ್ಲಿ ಯಾರದೋ ಮನೆಯ ಹಿಂದಿನ ಕೋಣೆ,
ಮನೆ ನಂಬ್ರ ಅವಳಿಗೂ ಗೊತ್ತಿಲ್ಲ.
ಕಿಟಕಿಯಿಂದ ಒಂದು ನೀರಿನ ಟ್ಯಾಂಕಿ ಕಾಣುತ್ತಿತ್ತಂತೆ.

ನೆರೆಯ ಸಾಕ್ಷಿಗೆ ಅಬ್ದುಲ್ಲಕುಂಞಿ ಗೂಡಂಗಡಿ ಬಿಟ್ಟು ಬಂದರು.
ಹುಡುಗಿ ಹೇಗೆ?
"ಇಲ್ಲಿ ಬೆಕ್ಕು ಮರಿ ಹಾಕಿದರೂ ಊರಿಗೆ ಗೊತ್ತು ಸಾರ್,
ಇವಳು ಕುವೈತಿಗೆ ಹೋಗಿ ಬಂದದ್ದು ನಮಗೆ ಗೊತ್ತಾಗಲಿಲ್ಲ."
ಇದಕ್ಕಿಂತ ಒಳ್ಳೆಯ ನಡತೆಪತ್ರ ನಾನು ಓದಿಲ್ಲ.

ಆಮೇಲೆ ಆ ಪ್ರಶ್ನೆ.
ಎಂದಾದರೂ, ಎಲ್ಲಿಯಾದರೂ, ಬಂಧನ?
"ಕೇಸ್ ಉಂಟಲ್ಲ ಸಾರ್," ಅವಳೇ ಹೇಳಿದಳು,
"ಎಂತ ಬರೆಯುವುದು?"

ಉಂಟು. ಹಳೆಯ ಕಡತ ನಿನ್ನೆಯೇ ತೆಗೆಸಿದ್ದೆ.
ಕುಂಬಳೆ, ಜೂನು. ಹೊಸ ಮಾಸ್ತರರಿಗೆ ಅ ಆ ಇ ಈ ಬಾರದು,
ಒಂದನೇ ಕ್ಲಾಸಿನ ಮಕ್ಕಳಿಗೆ ಮಾಸ್ತರರ ಮಾತು ಬಾರದು.
ಕಚೇರಿಯ ಎದುರು ಡಾಮರಿನ ಮೇಲೆ ಹದಿನೇಳು ಜನ ಕೂತರು.
ಕೊಲ್ಲದಿಂದ ಆಗಷ್ಟೇ ಬಂದಿದ್ದ ಎಸ್ಸೈ
ಬರೆಯುತ್ತ ಬರೆಯುತ್ತ ಪೆನ್ನೆತ್ತಿ ನನ್ನನ್ನು ಕೇಳಿದರು,
ಇವಳು ಕೂಗಿದ್ದೇನು?
ನಾನು ಬಾಯಿ ತೆರೆಯುವಾಗ ಅವರಿಗೆ ಫೋನು ಬಂತು.
ಇವತ್ತಿಗೂ ಹಾಗೇ ಉಂಟು, ದುಂಡಗಿನ ಮಲಯಾಳದಲ್ಲಿ:
ದಾರಿ ತಡೆದು ಕೂತು
ಕನ್ನಡದಲ್ಲಿ ಏನೋ ಕೂಗಿದಳು.

ಏನೋ ಅಲ್ಲ.
ಮೂರೇ ಶಬ್ದ: ಕನ್ನಡ ಕಲಿತು ಬನ್ನಿ.
ಬೈಗುಳ ಕೂಡ ಅಲ್ಲ, ಬಹುವಚನ.

ಮೇಜಿನ ಮೇಲೆ ಜರ್ಮನ್ ಪುಸ್ತಕ,
ಅಂಚಿನಲ್ಲೆಲ್ಲ ಪೆನ್ಸಿಲಿನ ಸಣ್ಣ ಕನ್ನಡ.
ಶ್ಮೆರ್ತ್ಸನ್ ಅಂದರೆ ನೋವು.
ಲಿಂಕ್ಸ್ ಅಂದರೆ ಎಡಬದಿ.
ನೋವು ಎಡಬದಿಗೋ ಬಲಬದಿಗೋ ಎಂದು
ಅಲ್ಲಿನ ಮುದುಕರನ್ನು ಕೇಳಬೇಕಲ್ಲ.
"ಕಲಿತು ಬಾ ಅಂದರು ಸಾರ್ ಅವರು. ಕಲಿತೆ.
ಎರಡು ಸಲ ಫೇಲಾಯಿತು."
ಅಷ್ಟೇ ಅಂದಳು.
ಉಳಿದದ್ದು ನನಗೆ ಬೆನ್ನಿನಲ್ಲಿ ಕೇಳಿಸಿತು.

ಬರೆದೆ: ಇನ್ನೂರು ರೂಪಾಯಿ ದಂಡ, ಕೇಸು ಮುಗಿದಿದೆ,
ಆಕ್ಷೇಪ ಇಲ್ಲ.
ಕೆಳಗೆ ಒಂದು ಸಾಲು ಖಾಲಿ ಉಳಿಯಿತು.
ಆ ಮೂರು ಶಬ್ದ ಹಿಡಿಯುವಷ್ಟೇ ಜಾಗ.
ಅಡ್ಡ ಗೆರೆ ಎಳೆದುಬಿಟ್ಟೆ.
ಖಾಲಿ ಬಿಟ್ಟರೆ ಯಾರಾದರೂ ಏನಾದರೂ ಸೇರಿಸಿಯಾರು
ಎಂದು ಟ್ರೇನಿಂಗಿನಲ್ಲೇ ಕಲಿಸಿದ್ದಾರೆ ನಮಗೆ.

ಶರಬತ್ತು ಮುಗಿಸಿ ಏಳುವಾಗ ಅವಳೇ ಕೇಳಿದಳು,
"ನೆನಪಿಲ್ಲವಾ? ಮಹಿಳಾ ಪೊಲೀಸು ಬರುವುದು ತಡವಾಗಿ
ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದ್ದು ನೀವು.
ಮತ್ತೆ ಇಳಿದು ಹೋಗಿ, ಜನರ ಕಾಲಡಿಯಿಂದ
ನನ್ನ ಒಂದು ಚಪ್ಪಲಿ ಹುಡುಕಿ ತಂದಿರಿ."

ರಟ್ಟೆ ನನಗೆ ನೆನಪಿತ್ತು.
ಚಪ್ಪಲಿ ಇರಲಿಲ್ಲ.