ಅನುಭವ ಎಂಬ ಕಾಲಂ

ನಾನು ಹೋದದ್ದು ಬಯೋಡೇಟಾ ಮಾಡಿಸಲು.
ದುರ್ಗಿಗುಡಿಯ ತಿರುವಿನಲ್ಲಿ ಹಾಲಸ್ವಾಮಿಯವರ ಜೆರಾಕ್ಸ್ ಅಂಗಡಿ:
ಪುಟಕ್ಕೆ ಎರಡು ರೂಪಾಯಿ, ಟೈಪಿಂಗಿಗೆ ಇಪ್ಪತ್ತೈದು,
ಲ್ಯಾಮಿನೇಷನ್ ರೇಟು ಮುಖ ನೋಡಿ.
ಟೈಪ್ ಮಾಡುವ ಹುಡುಗ ಅವತ್ತು ಬಂದಿರಲಿಲ್ಲ.
ಆಮೇಲೂ ಬರಲಿಲ್ಲ.
"ಬರತ್ತಾ ನಿಂಗೆ? ನೀನೇ ಹೊಡ್ಕೋ" ಅಂದರು.

ಬರುತ್ತಿತ್ತು.
ಬಿಕಾಂ ಕಲಿಸದ ವಿದ್ಯೆ ಅದು.
ಭದ್ರಾವತಿಯ ಕಾಗದದ ಕಾರ್ಖಾನೆ ಬಾಗಿಲು ಹಾಕಿದಾಗ
ಅಪ್ಪನೂ ಅವನ ಪಾಳಿಯವರೂ ಬರೆಸುತ್ತಿದ್ದ ಮನವಿಗಳು,
ಮಾನ್ಯರೇ, ಮಾನ್ಯರೇ, ಮಾನ್ಯರೇ,
ಸಂಘದ ಕಚೇರಿಯ ಹಳೇ ಕಂಪ್ಯೂಟರಿನಲ್ಲಿ
ಎಂಟನೇ ಕ್ಲಾಸಿನ ನನ್ನ ಬೆರಳು
ಒತ್ತಕ್ಷರ ಹುಡುಕುತ್ತಾ ಹುಡುಕುತ್ತಾ
ಒಂದು ದಿನ ಕಣ್ಣಿನ ಹಂಗು ಬಿಟ್ಟಿತು.
ಒಂದು ಮನವಿಗೂ ಉತ್ತರ ಬರಲಿಲ್ಲ.
ಟೈಪಿಂಗ್ ಬಂತು.

ನನ್ನದು ಮುಗಿಸುವಷ್ಟರಲ್ಲಿ
ಹಿಂದೆ ನಿಂತಿದ್ದ ಮೂವರದ್ದೂ ಹೊಡೆದುಕೊಟ್ಟಿದ್ದೆ.
"ನಾಳೆ ಒಂಬತ್ತಕ್ಕೆ ಬಾ."
ನೇಮಕಾತಿ ಆದೇಶ ಅಷ್ಟೇ.
ತಿಂಗಳಿಗೆ ಒಂಬತ್ತು ಸಾವಿರ, ಸಂಜೆ ಚಹ ಅವರದ್ದು.

ಈಗ ದಿನಾ ಹದಿನೈದಿಪ್ಪತ್ತು ಪದವೀಧರರಿಗೆ
ಮಾರ್ಜಿನ್ ಸರಿಮಾಡುತ್ತೇನೆ.
ಎಲ್ಲರೂ ಪ್ರಾಮಾಣಿಕರು, ಎಲ್ಲರೂ ಬೇಗ ಕಲಿಯುವವರು,
ಎಲ್ಲರ ಹವ್ಯಾಸವೂ ಪುಸ್ತಕ ಓದುವುದು.
ಒಂದೇ ಫೈಲು, ಹೆಸರು ಬದಲು.
ಮಿಕ್ಕದ್ದೆಲ್ಲ ಪ್ರಿಂಟರ್ ಬಿಸಿಯಾಗುವ ತನಕ
ಬಾಯಲ್ಲಿ ಬರುತ್ತದೆ.

ಮೇರಿ ಸುಗುಣಾಗೆ ರ್‍ಯಾಂಕಿಗೆ ಮೂರೇ ಅಂಕ ಕಮ್ಮಿ.
ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಲೆಕ್ಕ ಬರೆಯಲು ಕರೆದರು.
ಬಿಡುವುದು ಎಂಟಕ್ಕೆ.
ಅವಳೂರಿನ ಕಡೇ ಬಸ್ಸು ಏಳು ಹತ್ತಕ್ಕೆ.
ಈಗ ಕುಂಸಿಯಲ್ಲಿ ಬಟ್ಟೆ ಅಂಗಡಿಯ ಬಿಲ್ಲು ಹರಿಯುತ್ತಾಳೆ.
ಆ ಐವತ್ತು ನಿಮಿಷವನ್ನು
ಯಾವ ಕಾಲಮ್ಮಿನಲ್ಲಿ ಕೂರಿಸಲಿ?

ತಿಪ್ಪೇಶ ಎಂಬಿಎ. ಫೈನಾನ್ಸ್ ಕಂಪನಿಯವರು
ಕೇಳಿದ್ದು ಒಂದೇ ಪ್ರಶ್ನೆ: ಬೈಕಿದೆಯಾ?
ಮಾವನದ್ದಿತ್ತು. ಕೆಲಸ ಸಿಕ್ಕಿತು.
ಮಾವ ಈಗ ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆದೇ ಹೋಗುತ್ತಾನೆ.

ನಾಜ್ನೀನ್, ಬಿಎಸ್ಸಿ, ಪೆನ್ನಿನ ತುದಿ ಕಚ್ಚುತ್ತಾ
"ಅಡ್ರೆಸ್ಸಲ್ಲಿ ಬೀದಿ ಹೆಸರು ತೆಗ್ದುಬಿಡೇ,
ಪಿನ್‌ಕೋಡ್ ಸಾಕು" ಅಂದಳು.
ಯಾಕೆ ಅಂತ ನಾನು ಕೇಳಲಿಲ್ಲ.
ಹನ್ನೊಂದು ಅಕ್ಷರ.
ಒಂದೊಂದಾಗಿ ಅಳಿಸಿದೆ.

ಒಮ್ಮೆ ಅಪ್ಪ ಬಂದಿದ್ದ.
ಪ್ರಿಂಟ್ ತೆಗೆದ ಹಾಳೆಯನ್ನು ಬೆರಳ ನಡುವೆ ಉಜ್ಜಿ
ಟ್ಯೂಬ್‌ಲೈಟಿಗೆ ಹಿಡಿದು,
"ಎಪ್ಪತ್ತು ಜಿಎಸ್ಎಂ. ನಾರು ಗಿಡ್ಡ. ನಮ್ದಲ್ಲ."
ಇನ್ನೇನೋ ಕೇಳಲಿಕ್ಕಿದ್ದ, ಪರ್ಮನೆಂಟಾ ಅಂತಲೋ ಏನೋ.
ಹಾಲಸ್ವಾಮಿ ಚಹ ತರಿಸಿದರು.

ಮೊನ್ನೆ ಕೌಂಟರಿನಾಚೆ ಒಬ್ಬ ನಿಂತ.
ಅಂಗಿ ಎರಡಳತೆ ದೊಡ್ಡದು, ಅಥವಾ ಅವನು ಸಣ್ಣಗಾಗಿದ್ದ.
ಹೆಸರು ಕೃಷ್ಣೋಜಿ. ಬಿಎ. ಊರು ಆಗುಂಬೆ ಕಡೆ.
ಅನುಭವ?
ಮೂರು ವರ್ಷ, ಡಿಟಿಪಿ ಆಪರೇಟರ್.
ಸಂಸ್ಥೆ?
ಬೋರ್ಡು ನೋಡಿ ಈ ಅಂಗಡಿಯ ಹೆಸರೇ ಹೇಳಿದ.

ನನ್ನ ಬೆರಳು ನಿಂತಿತು. ಹಾಲಸ್ವಾಮಿ
ಕೈಯಲ್ಲಿದ್ದ ರಿಮ್ಮು ಬಿಚ್ಚತೊಡಗಿದರು, ಬಿಚ್ಚುತ್ತಲೇ ಇದ್ದರು.

ಸೌದೆಗೆ ಅಂತ ಗುಡ್ಡ ಹತ್ತಿದ್ದನಂತೆ.
ಮಂಗನ ಕಾಯಿಲೆ.
ಮೆಗ್ಗಾನ್ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ,
ಮನೆಯಲ್ಲಿ ನಾಲ್ಕು ತಿಂಗಳು.
ಒಂದು ಉಣುಗು. ಎಳ್ಳಿಗಿಂತ ಚಿಕ್ಕದು.
ಅವನ ಕಾಲಿಗೆ ಕಚ್ಚಿತು,
ನನಗೆ ಕೆಲಸ ಸಿಕ್ಕಿತು.

"ಬಿಟ್ಟ ಕಾರಣ ಅಂತ ಏನ್ ಹಾಕ್ಲಿ?"
"ಅದೊಂದು ಬೇಡ" ಅಂದ.
ಮಾನಿಟರು ಅವನತ್ತ ತಿರುಗಿಸಿದೆ.
ನಿಂತಲ್ಲೇ ಓದಿದ, ಒಂದು ದೀರ್ಘ ತಿದ್ದಿಸಿದ.
ಕೇಳುವ ಮೊದಲೇ ಇಪ್ಪತ್ತೈದು ರೂಪಾಯಿ,
ಸರಿಯಾಗಿ ಚಿಲ್ಲರೆ, ಗಾಜಿನ ಮೇಲೆ.

ಮೆಟ್ಟಿಲಿಳಿದವನು ತಿರುಗಿ,
"ಆ ಷಕಾರದ ಕೀಲಿ ಸ್ವಲ್ಪ ಗಟ್ಟಿ ಒತ್ತಬೇಕು."

ಗೊತ್ತು, ಅಂದೆ.